ತೂತಿನ ಅಳತೆ ಕೆಡಿಸಬೇಡಿ: ಮಲೆನಾಡಿನ ಹಳೇ ಬೈಕುಗಳ ಕಾರ್ಬೊರೇಟರ್ ಕೆಲಸ

ಮಳೆ ಹಿಂದೆ ಸರಿದು, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಂತಿದ್ದ ಹಳೇ ಗಾಡಿಗಳನ್ನು ಹೊರಗೆ ತೆಗೆಯುವ ಹೊತ್ತಿಗೆ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕ್ಸಿ.’ ಮೈಸೂರಿನ ಐಡಿಯಲ್ ಜಾವಾದವರು ಮಾಡಿದ ಯೆಜ್ಡಿ ಆಗಲಿ, 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಯಮಹಾ ಆರ್‌ಎಕ್ಸ್ 100 ಆಗಲಿ, ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಆಗಲಿ, ತೀರ್ಪು ಮಾತ್ರ ಬದಲಾಗುವುದಿಲ್ಲ. ಈ ತೀರ್ಪು ಹೆಚ್ಚಿನ ಸಲ ತಪ್ಪು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಈ ಕಾರ್ಬೊರೇಟರಿನ ಬಾಡಿ ನಲವತ್ತು ವರ್ಷ ನಿಲ್ಲುವ ವಸ್ತು. ಅದರಲ್ಲಿ ನಿಜವಾಗಿ ಸವೆಯುವುದು ನಾಲ್ಕೈದು ಬಿಡಿಭಾಗ ಅಷ್ಟೇ: ಸ್ಲೈಡು (ಎಕ್ಸಲರೇಟರ್ ತಿರುಗಿಸಿದಾಗ ಗಾಳಿಯ ದಾರಿಯಲ್ಲಿ ಮೇಲೇಳುವ ಬಾಗಿಲು), ನೀಡಲ್ (ಸ್ಲೈಡಿಗೆ ತೂಗುಬಿದ್ದ ಸೂಜಿ), ನೀಡಲ್ ಜೆಟ್ (ಆ ಸೂಜಿ ಆಡುವ ತೂತು), ಫ್ಲೋಟ್ ಪಿನ್ನು (ಪೆಟ್ರೋಲಿನ ಮೇಲೆ ತೇಲುವ ಫ್ಲೋಟು ಏರಿದಾಗ ಪೆಟ್ರೋಲು ಬರುವ ದಾರಿ ಮುಚ್ಚುವ ಮೊನೆ), ಮತ್ತೆ ರಬ್ಬರ್ ಸಾಮಾನು.

ಕಾರ್ಬೊರೇಟರನ್ನು ಅಳತೆಯ ಉಪಕರಣ ಅಂತ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಎಂಜಿನ್ ಗಾಳಿ ಎಳೆಯುತ್ತದೆ. ಕಾರ್ಬೊರೇಟರಿನ ಗಂಟಲು ಕಿರಿದಾದ ಕಡೆ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ಕೆಳಗಿನ ಬೌಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಇದ್ದೇ ಇರುವುದರಿಂದ ಪೆಟ್ರೋಲು ಜೆಟ್ಟಿನ ತೂತಿನ ಮೂಲಕ ಮೇಲಕ್ಕೇರುತ್ತದೆ. ಎಷ್ಟು ಏರಬೇಕು ಅನ್ನುವುದನ್ನು ಹಿತ್ತಾಳೆಯ ಆ ತೂತು ತೀರ್ಮಾನ ಮಾಡುತ್ತದೆ. ಬೌಲಿನಲ್ಲಿ ಪೆಟ್ರೋಲು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದೂ ಒಂದು ಅಳತೆಯೇ. ನೀಡಲಿನ ಇಳಿಜಾರು, ಸ್ಲೈಡಿನ ತಳದ ಓರೆ ಕಟ್ಟು (ಓರೆಯಾಗಿ ಕತ್ತರಿಸಿದ ಅಂಚು), ಎಲ್ಲವೂ ಅಳತೆ. ರಿಪೇರಿ ಅಂದರೆ ಕಾರ್ಖಾನೆ ಕೊಟ್ಟ ಈ ಅಳತೆಗಳಿಗೆ ಗಾಡಿಯನ್ನು ವಾಪಸ್ ತರುವುದು. ಹೊಸ ಅಳತೆ ಕಂಡುಹಿಡಿಯುವ ಕೆಲಸ ಅದಲ್ಲ.

ಆದ್ದರಿಂದ ಸ್ಪ್ಯಾನರ್ ಎತ್ತುವ ಮುಂಚೆ, ತೊಂದರೆ ನಿಜವಾಗಿ ಕಾರ್ಬೊರೇಟರಿನದ್ದೇನಾ ಅಂತ ನೋಡಬೇಕು. ಗಾಡಿ ಐದಾರು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ‘ಸುಸ್’ ಅಂತ ಗಾಳಿ ಒಳಗೆ ಎಳೆದುಕೊಂಡು, ಒಂದು ನಿಮಿಷದಲ್ಲಿ ಗಾಡಿ ಮತ್ತೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಅಷ್ಟೇ. ಇನ್ನು ಪೆಟ್ರೋಲ್ ಕಾಕ್. ಪೈಪನ್ನು ಕಾರ್ಬೊರೇಟರಿನಿಂದ ಬಿಡಿಸಿ ಒಂದು ಬಾಟಲಿಗೆ ಬಿಟ್ಟು ಕಾಕ್ ತಿರುಗಿಸಿ. ನಿಮಿಷಕ್ಕೆ 200 ಮಿಲಿಲೀಟರ್ ಆದರೂ ತಡೆಯಿಲ್ಲದೆ ಬೀಳಬೇಕು. ಮೊದಲು ಜೋರಾಗಿ ಬಂದು ಆಮೇಲೆ ತೊಟ್ಟಿಕ್ಕಿದರೆ ಕಾಕಿನ ಜಾಲರಿಗೆ ತುಕ್ಕು ಕೂತಿದೆ. ಮಾಮೂಲಿಯಲ್ಲಿ ಬರದೆ ರಿಸರ್ವ್‌ನಲ್ಲಿ ಬರುತ್ತದೆ ಅಂದರೂ ಅದೇ ಕತೆ. ನಡುವೆ ಯಾರೋ ಹಾಕಿದ ಪೇಪರ್ ಫಿಲ್ಟರ್ ಇದ್ದರೆ ಅದನ್ನು ತೆಗೆದು ಇನ್ನೊಂದು ಸಲ ಅಳೆಯಿರಿ. ಹಳೇ ಗಾಡಿಗೆ ಪಂಪ್ ಇಲ್ಲ, ಪೆಟ್ರೋಲು ತನ್ನ ಭಾರಕ್ಕೇ ಇಳಿಯಬೇಕು. ಟ್ಯಾಂಕಿಗೂ ಕಾರ್ಬೊರೇಟರಿಗೂ ಎತ್ತರದ ಅಂತರ ಗೇಣುದ್ದ ಇರುವಾಗ ದಟ್ಟ ಪೇಪರ್ ಫಿಲ್ಟರ್ ಹರಿವನ್ನು ತಡೆಯುತ್ತದೆ. ಸಣ್ಣ ಜಾಲರಿಯ ಫಿಲ್ಟರ್ ಸಾಕು.

ಪ್ಲಗ್ಗಿನ ಕಿಡಿಗೆ ತೆರೆದು ಮುಚ್ಚುವ ಪಾಯಿಂಟ್ ಇರುವ ಹಳೇ ಗಾಡಿಗಳಲ್ಲಿ, ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಸಾಯುತ್ತಾ ಬಂದರೆ ಕಾರ್ಬೊರೇಟರ್ ಕಟ್ಟಿದ ಹಾಗೆಯೇ ಮಿಸ್ ಹೊಡೆಯುತ್ತದೆ, ಬಿಸಿಯಾದ ಮೇಲೆ ಇನ್ನೂ ಜಾಸ್ತಿ. ಪಾಯಿಂಟ್ ತೆರೆದುಕೊಳ್ಳುವ ಕಡೆ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ. ಟೂ ಸ್ಟ್ರೋಕ್ ಗಾಡಿ ಎಕ್ಸಲರೇಟರ್ ಕೊಟ್ಟರೂ ಏಳದೆ ಗುಂಯ್ ಅನ್ನುತ್ತಿದ್ದರೆ ಸೈಲೆನ್ಸರ್ ಒಳಗೆ ಎಣ್ಣೆಯ ಮಸಿ ಕಟ್ಟಿರುವ ಸಾಧ್ಯತೆ ಇದೆ. ಸೈಲೆನ್ಸರ್ ಬಾಯಿಗೆ ಕೈ ಅಡ್ಡ ಹಿಡಿದರೆ ಹೊಗೆಯ ತಳ್ಳು ಕಡಿಮೆಯಾಗಿರುವುದು ಗೊತ್ತಾಗುತ್ತದೆ.

ಗಾಳಿ ಸೋರಿಕೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಕಾರ್ಬೊರೇಟರಿನ ಮೇಲೆ ಬರುವ ದೂರುಗಳಲ್ಲಿ ಅದರ ಪಾಲು ದೊಡ್ಡದು. ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲಿಂದಲಾದರೂ ಕಳ್ಳ ಗಾಳಿ ಒಳಗೆ ಹೋದರೆ ಅದಕ್ಕೆ ಪೆಟ್ರೋಲಿನ ಲೆಕ್ಕ ಇರುವುದಿಲ್ಲ. ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಸ್ಪೀಡು ಬೇಗ ಇಳಿಯುವುದಿಲ್ಲ, ಸ್ಲೋ ಸ್ಪೀಡ್ (ಎಕ್ಸಲರೇಟರ್ ಮುಟ್ಟದೆ ಎಂಜಿನ್ ನಿಂತಲ್ಲೇ ಓಡುವ ವೇಗ) ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಆರ್‌ಎಕ್ಸ್ 100ರಲ್ಲಿ ಎಂಜಿನ್ನಿಗೂ ಕಾರ್ಬೊರೇಟರಿಗೂ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ, ಹೊರಗೆ ಕಾಣದ ಸೀಳು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಬುಲೆಟ್ಟಿನಲ್ಲಿ ಕಾರ್ಬೊರೇಟರಿನ ಫ್ಲಾಂಜು, ಅಂದರೆ ಎಂಜಿನ್ನಿಗೆ ತಾಗುವ ಚಪ್ಪಟೆ ಮುಖ, ಎರಡು ನಟ್ಟಿನ ಮೇಲೆ ಕೂರುತ್ತದೆ. ಅದನ್ನು ಬಲವಂತವಾಗಿ ಬಿಗಿದೂ ಬಿಗಿದೂ ಎರಡು ಕಿವಿಗಳು ಎಂಜಿನ್ ಕಡೆ ಬಾಗಿ, ನಡುಭಾಗ ಎದ್ದಿರುತ್ತದೆ. ಬಿಚ್ಚಿ ಒಂದು ದಪ್ಪ ಗಾಜಿನ ಮೇಲೆ ಇಟ್ಟು ನೋಡಿ. ಎಲ್ಲಾದರೂ ಕಾಗದದ ಚೂರು ತೂರಿದರೆ 400 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ, ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಫ್ಲಾಂಜನ್ನು ಎಂಟರ ಆಕಾರದಲ್ಲಿ ನಿಧಾನ ಉಜ್ಜಿ. ಮುಖವೆಲ್ಲ ಒಂದೇ ಬಣ್ಣಕ್ಕೆ ಬಂದರೆ ಮಟ್ಟವಾಯಿತು. ಓ-ರಿಂಗ್ ಇದ್ದರೆ ಹೊಸದು ಹಾಕಿ, ನಟ್ಟನ್ನು ಅದಲು ಬದಲಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಡಿ ಸ್ಲೋ ಸ್ಪೀಡಿನಲ್ಲಿ ಓಡುವಾಗ ಜಾಯಿಂಟಿನ ಮೇಲೆ ನೀರು ಚಿಮುಕಿಸಿದರೆ ಎಂಜಿನ್ ಸದ್ದು ಬದಲಾಗುವ ಜಾಗವೇ ಸೋರಿಕೆಯ ಜಾಗ. ಟೂ ಸ್ಟ್ರೋಕಿನಲ್ಲಿ ಇಷ್ಟಾದರೂ ಸರಿ ಹೋಗದಿದ್ದರೆ ಕ್ರ್ಯಾಂಕ್ ಸೀಲು ನೋಡಬೇಕು. ಮ್ಯಾಗ್ನೆಟ್ ಕಡೆಯ ಸೀಲು ಹೋದರೆ ಗಾಳಿ ಎಳೆಯುತ್ತದೆ, ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲ್ ಎಳೆದು ಸೈಲೆನ್ಸರಿನಲ್ಲಿ ಬಿಳಿ ಹೊಗೆ ತುಂಬುತ್ತದೆ. ಈ ಎರಡಕ್ಕೂ ಕಾರ್ಬೊರೇಟರಿನಲ್ಲಿ ಔಷಧಿ ಇಲ್ಲ.

ಇವೆಲ್ಲ ಸರಿ ಇದ್ದು ತೊಂದರೆ ಉಳಿದರೆ, ಎಕ್ಸಲರೇಟರ್ ಎಷ್ಟು ತಿರುಗಿಸಿದಾಗ ತೊಂದರೆ ಬರುತ್ತದೆ ಅಂತ ಗಮನಿಸಬೇಕು. ಹಿಡಿಯ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ, ಪೂರ್ತಿ ಮುಚ್ಚಿದ್ದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗೆರೆ ಎಳೆಯಿರಿ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ಟು (ಸ್ಲೋ ಸ್ಪೀಡಿಗೆ ಪೆಟ್ರೋಲು ಕೊಡುವ ಸಣ್ಣ ಜೆಟ್ಟು), ಏರ್ ಸ್ಕ್ರೂ (ಅದಕ್ಕೆ ಸೇರುವ ಗಾಳಿ ಹೊಂದಿಸುವ ಸ್ಕ್ರೂ) ಇವೆರಡರ ಆಳ್ವಿಕೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಓರೆ ಕಟ್ಟಿನದ್ದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಮತ್ತು ನೀಡಲ್ ಜೆಟ್. ಅದರಿಂದಾಚೆಗೆ ಮೇನ್ ಜೆಟ್, ಅಂದರೆ ಬೌಲಿನ ತಳದ ದೊಡ್ಡ ಜೆಟ್ಟು. ಗೆರೆಗಳು ಒಂದರ ಮೇಲೊಂದು ಸ್ವಲ್ಪ ಹರಡಿಕೊಳ್ಳುತ್ತವೆ ನಿಜ, ಆದರೂ ಪೇಟೆಯೊಳಗೆ ಆಫ್ ಆಗುವ ಗಾಡಿಗೆ ಮೇನ್ ಜೆಟ್ ಬದಲಿಸುವ ದಂಡದ ಕೆಲಸ ಇದರಿಂದ ತಪ್ಪುತ್ತದೆ.

ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಮೊದಲು ಕಟ್ಟುವುದು ಪೈಲಟ್ ಜೆಟ್ಟು. ಅದರ ತೂತು ಅರ್ಧ ಮಿಲಿಮೀಟರಿಗೂ ಕಡಿಮೆ. ಬೌಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗುತ್ತಾ ಹಳದಿ ಅಂಟಾಗಿ ಒಣಗುತ್ತದೆ, ಟೂ ಸ್ಟ್ರೋಕಾದರೆ ಅದರ ಜೊತೆ ಎಣ್ಣೆಯ ಜಿಡ್ಡೂ ಸೇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಹೀರಿಕೊಂಡ ನೀರು ಒಂದು ಮಿತಿ ದಾಟಿದರೆ ಎಥನಾಲಿನ ಜೊತೆ ಸೇರಿ ಬೇರೆಯಾಗಿ ಬೌಲಿನ ತಳಕ್ಕೆ ಇಳಿಯುತ್ತದೆ. ತಳದಲ್ಲೇ ಇರುವ ಮೇನ್ ಜೆಟ್ಟಿಗೆ ಮೊದಲು ಸಿಗುವುದು ಅದೇ. ಬೌಲ್ ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಬಾಡಿಯ ಲೋಹಕ್ಕೆ ನೀರು ಹತ್ತಿದೆ, ಹಸಿರು ಕಂಡರೆ ಹಿತ್ತಾಳೆಗೆ ಹತ್ತಿದೆ. ಡ್ರೇನ್ ಸ್ಕ್ರೂ ತೆಗೆದು ಗಾಜಿನ ಲೋಟಕ್ಕೆ ಪೆಟ್ರೋಲು ಇಳಿಸಿಕೊಂಡು ಎರಡು ನಿಮಿಷ ಬಿಟ್ಟರೆ ನೀರು ಕೆಳಗೆ ಪದರವಾಗಿ ಅಥವಾ ಮಣಿಮಣಿಯಾಗಿ ನಿಲ್ಲುವುದು ಕಣ್ಣಿಗೇ ಕಾಣುತ್ತದೆ.

ಇದನ್ನು ತಪ್ಪಿಸುವುದು ಸುಲಭ. ಗಾಡಿ ನಿಲ್ಲಿಸುವ ದಿನ ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಆಮೇಲೆ ಡ್ರೇನ್ ಸ್ಕ್ರೂ ತೆಗೆದು ತಳದಲ್ಲಿ ಉಳಿದದ್ದನ್ನೂ ಇಳಿಸಿ. ಒಂದೆರಡು ತಿಂಗಳಾದರೆ ಟ್ಯಾಂಕ್ ತುಂಬಿಸಿಯೇ ಇಡಿ, ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೋಡೆಗೆ ಬೆವರು ಕಡಿಮೆ. ಇಡೀ ಮಳೆಗಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಸ್ವಲ್ಪ 2ಟಿ (ಟೂ ಸ್ಟ್ರೋಕ್) ಎಣ್ಣೆ ಹಾಕಿ ಎಲ್ಲ ಕಡೆ ತಾಗುವಂತೆ ಅಲ್ಲಾಡಿಸಿ ಇಡುವುದು ಉತ್ತಮ ಅನ್ನುವುದು ನನ್ನ ಅಭಿಪ್ರಾಯ. ಬೌಲಿನ ಗಾಳಿಗೆ ಅಂತ ಕೆಳಗೆ ಇಳಿಬಿಟ್ಟಿರುವ ಸಣ್ಣ ಪೈಪುಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ. ಕುಂಬಾರ ಹುಳಕ್ಕೆ ಆ ಪೈಪುಗಳೆಂದರೆ ಬಲು ಇಷ್ಟ, ಒಳಗೆ ಮಣ್ಣು ಮೆತ್ತಿ ಗೂಡು ಮಾಡಿಬಿಡುತ್ತದೆ. ಪೈಪ್ ಮುಚ್ಚಿತು ಅಂದರೆ ಬೌಲಿಗೆ ಹೊರಗಿನ ಗಾಳಿಯ ಒತ್ತಡ ಸರಿಯಾಗಿ ಸಿಗುವುದಿಲ್ಲ, ಜೆಟ್ಟೆಲ್ಲ ಫಳಫಳ ಇದ್ದರೂ ಪೆಟ್ರೋಲು ಏರುವುದಿಲ್ಲ. ತೋಟದ ಮನೆಗಳಲ್ಲಿ ನಿಂತ ಗಾಡಿಗೆ ಈ ಪೈಪುಗಳನ್ನು ಊದಿ ನೋಡದೆ ಬೇರೆ ಕೆಲಸ ಶುರು ಮಾಡಲೇಬಾರದು.

ಇನ್ನು ಬಿಚ್ಚುವ ವಿಷಯ. ಜಪಾನಿನ ಮಿಕುನಿ, ಕೀಹಿನ್ ಕಂಪನಿಗಳ ಕಾರ್ಬೊರೇಟರುಗಳ ಸ್ಕ್ರೂ ತಲೆಯ ಪ್ಲಸ್ ಗುರುತು ಜಪಾನಿನ ಅಳತೆಯದು, ನಮ್ಮ ಅಂಗಡಿಯ ಸಾಮಾನ್ಯ ಸ್ಟಾರ್ ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ತಳಕ್ಕೆ ಕೂರುವುದಿಲ್ಲ, ಜಾರಿ ತಲೆ ಕೆಡಿಸುತ್ತದೆ. ಜೆಐಎಸ್ ಅಂತ ಕೇಳಿದರೆ ಸಿಗುವ ಡ್ರೈವರ್ ಕೊಂಡರೆ ಜೀವನಪೂರ್ತಿ ಬಾಳುತ್ತದೆ. ಗಟ್ಟಿ ಹಿಡಿದ ಸ್ಕ್ರೂವಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಡ್ರೈವರ್ ಇಟ್ಟು ಹಿಂದಿನಿಂದ ಎರಡು ಹಗುರ ಪೆಟ್ಟು ಕೊಟ್ಟು, ಆಮೇಲೆ ತಿರುಗಿಸಿ. ಜೆಟ್ಟು ಬಿಚ್ಚಲು ಅದರ ತಲೆಯ ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಫ್ಲಾಟ್ ಡ್ರೈವರೇ ಬೇಕು. ಹಿತ್ತಾಳೆ ಮೆತ್ತಗಿನದು, ಒಂದು ಸಲ ಜಾರಿದರೆ ಗೀರು ತೂತಿನವರೆಗೂ ಹೋಗುತ್ತದೆ.

ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ನಿಧಾನ ಒಳಗೆ ತಿರುಗಿಸುತ್ತಾ ತಳ ಮುಟ್ಟಲು ಎಷ್ಟು ಸುತ್ತು ಆಯಿತು ಅಂತ ಬರೆದುಕೊಳ್ಳಿ. ಬಿಗಿಯಬೇಡಿ. ಅದರ ಮೊನೆ ಕೂರುವ ಜಾಗ ಹಿಗ್ಗಿದರೆ ಮತ್ತೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ನೀಡಲಿನ ಕ್ಲಿಪ್ಪು ಮೇಲಿನಿಂದ ಎಷ್ಟನೇ ಗೆರೆಯಲ್ಲಿದೆ, ಜೆಟ್ಟುಗಳ ಮೇಲೆ ಯಾವ ನಂಬರು ಕೆತ್ತಿದೆ, ಇವನ್ನೂ ಬರೆದಿಡಿ. ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನ ನಂಬರು ಪೆಟ್ರೋಲು ಹರಿಯುವ ಪ್ರಮಾಣದ್ದು, ಕೀಹಿನ್ ಜೆಟ್ಟಿನ ನಂಬರು ತೂತಿನ ಅಗಲದ್ದು. ಆದ್ದರಿಂದ ಎರಡು ಕಂಪನಿಯ ‘100’ ಒಂದೇ ಅಲ್ಲ. ಒಂದಕ್ಕೆ ಇನ್ನೊಂದು ತುರುಕಿದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ.

ತೊಳೆಯುವ ಮುಂಚೆ ರಬ್ಬರ್ ಸಾಮಾನೆಲ್ಲ ತೆಗೆದು ಬದಿಗಿಡಿ. ಬೌಲಿನ ಗ್ಯಾಸ್ಕೆಟ್ ಬಿಚ್ಚಿದ ಕೂಡಲೇ ಉಬ್ಬಿ, ಮತ್ತೆ ಅದರ ಕಾಲುವೆಯಲ್ಲಿ ಕೂರುವುದಿಲ್ಲ. ಎಸೆಯಬೇಡಿ, ನೆರಳಿನಲ್ಲಿ ಒಂದು ದಿನ ಒಣಗಿದರೆ ಎಷ್ಟೋ ಸಲ ವಾಪಸ್ ಅಳತೆಗೆ ಬರುತ್ತದೆ. ಬಾಡಿ ಮೇಲಿನ ಕೆಸರು, ಎಣ್ಣೆಯನ್ನು ಮೊದಲು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯಿರಿ, ಒಳಗಿನ ದಾರಿಗಳಿಗೆ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸಣ್ಣ ತೂತಿಗೆ ಹೊಡೆದ ಸ್ಪ್ರೇ ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಬರುತ್ತದೆ. ಬೆಂಕಿ, ಬೀಡಿ, ಒಲೆ ಹತ್ತಿರ ಇರದ ಬಯಲಿನಲ್ಲೇ ಕೂತು ಮಾಡಬೇಕಾದ ಕೆಲಸ ಇದು. ನಿಂಬೆಹುಳಿ, ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿಡುವ ಉಪಾಯ ಹೇಳುವವರು ಇದ್ದಾರೆ. ಹುಳಿ ಕೊಳೆಯನ್ನಷ್ಟೇ ತಿಂದು ಸುಮ್ಮನಾಗುವುದಿಲ್ಲ, ಸತು ಬೆರೆತ ಬಾಡಿಯನ್ನೂ ತಿನ್ನುತ್ತದೆ.

ಕಟ್ಟಿದ ಜೆಟ್ಟಿಗೆ ತಂತಿ ಹಾಕುವ ಅಭ್ಯಾಸದ ಬಗ್ಗೆ ಕಟುವಾಗಿಯೇ ಹೇಳಬೇಕು. 0.40 ಮಿ.ಮೀ. ತೂತು ಉಕ್ಕಿನ ತಂತಿ ತಿಕ್ಕಿ 0.45 ಆಯಿತು ಅಂದುಕೊಳ್ಳಿ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ತೂತಿನ ವಿಸ್ತೀರ್ಣ ಶೇ 26ರಷ್ಟು ಹೆಚ್ಚಿತು. ಆಮೇಲೆ ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ಲಗ್ ಕಪ್ಪಾಗುವುದು ನಿಲ್ಲುವುದಿಲ್ಲ, ಮೈಲೇಜ್ ಬರುವುದಿಲ್ಲ, ಕೊನೆಗೆ ‘ಈ ಗಾಡಿಯೇ ಹೀಗೆ’ ಅನ್ನುವ ಹೆಸರು ಗಾಡಿಗೆ. ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು. ಆಗಲಿಲ್ಲವೆಂದರೆ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಅಥವಾ ಸಣ್ಣ ನೈಲಾನ್ ಗಾಳದ ದಾರ ತೂರಿಸಿ. ಅದಕ್ಕೂ ಬಗ್ಗದಿದ್ದರೆ ಅದೇ ನಂಬರಿನ ಹೊಸ ಜೆಟ್ಟು. ಪೈಲಟ್ ಜೆಟ್ಟು ಕೂರುವ ಬಾವಿಯೊಳಗೆ ಸ್ಪ್ರೇ ಹೊಡೆದರೆ ಮೂರು ಕಡೆಯಿಂದ ಹೊರಬರಬೇಕು: ಏರ್ ಸ್ಕ್ರೂ ತೂತಿನಿಂದ, ಗಾಳಿ ಒಳಬರುವ ಬಾಯಿಯ ಅಂಚಿನ ಸಣ್ಣ ದಾರಿಯಿಂದ, ಮತ್ತು ಎಂಜಿನ್ ಕಡೆ ಸ್ಲೈಡಿನ ಅಡಿಯ ಸೂಜಿಮೊನೆಯಂಥ ತೂತಿನಿಂದ. ಒಂದರಿಂದ ಬರದಿದ್ದರೆ ಉಳಿದವನ್ನು ಬೆರಳಿನಿಂದ ಮುಚ್ಚಿ ಹೊಡೆಯಿರಿ. ಮೂರೂ ಕಡೆ ಧಾರೆ ಬರುವವರೆಗೆ ‘ಕ್ಲೀನ್ ಆಯ್ತು’ ಅನ್ನಬಾರದು. ಜೆಟ್ಟು ಮಾತ್ರ ತೊಳೆದು ಈ ದಾರಿಗಳನ್ನು ಹಾಗೇ ಬಿಡುವುದರಿಂದಲೇ ಗಾಡಿ ಮೂರನೇ ದಿನಕ್ಕೆ ವಾಪಸ್ ಬರುವುದು. ಕಂಪ್ರೆಸರ್ ಗಾಳಿಯನ್ನು ಮಾತ್ರ ಫ್ಲೋಟ್ ಬಿಚ್ಚದೆ ಒಳಗೆ ಹೊಡೆಯಬೇಡಿ.

ಫ್ಲೋಟು ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲು ಕುಲುಕಿದರೆ ಬೆಸುಗೆ ಬಿಟ್ಟಿದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗ ತೋರಿಸುತ್ತದೆ. ಬೆಸುಗೆ ಹಾಕುವ ಮುಂಚೆ ಒಳಗಿನ ಪೆಟ್ರೋಲು ಪೂರ್ತಿ ಹೊರಬಂದಿರಬೇಕು, ಬೆಸುಗೆಯೂ ತೆಳುವಾಗಿರಬೇಕು, ಭಾರ ಹೆಚ್ಚಿದರೆ ಪೆಟ್ರೋಲಿನ ಮಟ್ಟವೂ ಏರುತ್ತದೆ. ಫ್ಲೋಟ್ ಪಿನ್ನಿನ ಮೊನೆಯಲ್ಲಿ ಉಗುರಿಗೆ ಸಿಗುವಂಥ ಉಂಗುರದ ಗೀರು ಇದ್ದರೆ ಅದರ ಕಾಲ ಮುಗಿದಿದೆ. ಎಥನಾಲಿಗೆ ತಡೆಯುವ ವಿಟಾನ್ ರಬ್ಬರ್ ಮೊನೆಯ ಪಿನ್ನು ಹಾಕಿಸಿ. ಪರೀಕ್ಷೆಗೆ ಕಾರ್ಬೊರೇಟರನ್ನು ತಲೆಕೆಳಗು ಹಿಡಿದು ಪೆಟ್ರೋಲ್ ಪೈಪಿನ ಬಾಯಿಯಿಂದ ಮೆಲ್ಲಗೆ ಊದಿ. ಫ್ಲೋಟಿನ ಭಾರಕ್ಕೇ ಗಾಳಿ ನಿಲ್ಲಬೇಕು, ಫ್ಲೋಟ್ ಎತ್ತಿದ ಕೂಡಲೇ ಹೋಗಬೇಕು.

ಫ್ಲೋಟಿನ ಎತ್ತರ ಮ್ಯಾನ್ಯುವಲಿನಲ್ಲಿ ಮಿಲಿಮೀಟರಿನಲ್ಲೇ ಇರುತ್ತದೆ, ಅದೇ ಅಂತಿಮ. ಮ್ಯಾನ್ಯುವಲ್ ಸಿಗದಾಗ ಮಿಕುನಿ ವಿಎಂ ಸರಣಿಗೆ ಒಂದು ಒಳ್ಳೇ ಗುರುತು ಇದೆ: ಕಾರ್ಬೊರೇಟರ್ ತಲೆಕೆಳಗಾಗಿದ್ದಾಗ ಫ್ಲೋಟಿನ ತೋಳು ಬೌಲ್ ಕೂರುವ ಮುಖಕ್ಕೆ ಸಮಾನಾಂತರವಾಗಿರಬೇಕು. ಪಿನ್ನಿನ ಒಳಗೆ ಸಣ್ಣ ಸ್ಪ್ರಿಂಗ್ ಇದ್ದರೆ ಅದು ಅದುಮಿಕೊಳ್ಳದಂತೆ ಬಾಡಿಯನ್ನು ಓರೆ ಹಿಡಿದು ನೋಡಬೇಕು. ಬಗ್ಗಿಸುವುದು ನಡುವಿನ ಸಣ್ಣ ನಾಲಿಗೆಯನ್ನು ಮಾತ್ರ, ಅದೂ ಎಳ್ಳಷ್ಟು. ಜೋಡಿಸಿದ ಮೇಲೆ ಡ್ರೇನಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಬಾಡಿಯ ಪಕ್ಕಕ್ಕೆ ನೇರ ಹಿಡಿದು ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟ ಪೈಪಿನಲ್ಲೇ ಕಾಣುತ್ತದೆ. ಬೌಲಿನ ಜಾಯಿಂಟಿಗಿಂತ ಕೆಲವು ಮಿಲಿಮೀಟರ್ ಕೆಳಗೆ ನಿಂತರೆ ಸರಿ. ಓವರ್‌ಫ್ಲೋ ಬರೀ ಪೆಟ್ರೋಲು ದಂಡದ ವಿಷಯ ಅಲ್ಲ. ಬುಲೆಟ್ಟಿನಂಥ ಫೋರ್ ಸ್ಟ್ರೋಕಿನಲ್ಲಿ ರಾತ್ರಿಯೆಲ್ಲ ಸೋರಿದ ಪೆಟ್ರೋಲು ಸಿಲಿಂಡರಿಗಿಳಿದು ಎಂಜಿನ್ ಆಯಿಲ್ ಸೇರಬಹುದು. ಆಯಿಲ್ ಕಡ್ಡಿ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಕಿಕ್ ಹೊಡೆಯಬೇಡಿ.

ತೊಳೆದು ಸರಿ ಮಾಡಲಾಗದ್ದು ಸವೆತ. ಸ್ಲೈಡನ್ನು ಅರ್ಧ ಎತ್ತಿ ಮುಂದೆ ಹಿಂದೆ ಅಲ್ಲಾಡಿಸಿದಾಗ ಟಕಟಕ ಅಂದರೆ, ಗಾಳಿ ಪಕ್ಕದಿಂದ ನುಸುಳುತ್ತಿದೆ ಅಂತಲೇ ಅರ್ಥ. ನೀಡಲಿನ ಮೇಲೆ ಒಂದು ಬದಿ ಮಾತ್ರ ಹೊಳೆಯುವ ಪಟ್ಟೆ ಇದ್ದರೆ ನೀಡಲ್ ಜೆಟ್ಟಿನ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅರ್ಧ ಎಕ್ಸಲರೇಟರಿನಲ್ಲಿ ಪೆಟ್ರೋಲು ಕುಡಿಯುವ ಗಾಡಿಗಳ ಗುಟ್ಟು ಹೆಚ್ಚಾಗಿ ಇದೇ, ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಚೋಕಿನ ಪ್ಲಂಜರ್ ತಳದ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಚೋಕ್ ಮುಚ್ಚಿದ್ದರೂ ಪೆಟ್ರೋಲು ಎಳೆಯುತ್ತಲೇ ಇರುತ್ತದೆ. ಅಂದ ಹಾಗೆ, ಮಿಕುನಿಯ ಈ ಚೋಕು ಗಾಳಿ ಮುಚ್ಚುವ ಬಾಗಿಲಲ್ಲ, ಬೇರೆಯೇ ಒಂದು ಪೆಟ್ರೋಲು ದಾರಿ. ಸ್ಲೈಡ್ ಮುಚ್ಚಿದ್ದಾಗ ಮಾತ್ರ ಅದಕ್ಕೆ ಎಳೆತ ಸಿಗುತ್ತದೆ. ಚಳಿಯ ಬೆಳಗ್ಗೆ ಚೋಕ್ ಎಳೆದು ಜೊತೆಗೆ ಎಕ್ಸಲರೇಟರನ್ನೂ ತಿರುಗಿಸಿಕೊಂಡು ಕಿಕ್ ಹೊಡೆದರೆ ಚೋಕ್ ಎಳೆದದ್ದು ದಂಡ.

ರಿಪೇರಿ ಕಿಟ್ ತಂದ ಕೂಡಲೇ ಅದರಲ್ಲಿರುವುದನ್ನೆಲ್ಲ ಹಾಕಿಬಿಡುವುದು ಬೇಡ. ಕಡಿಮೆ ಬೆಲೆಯ ಕಿಟ್ಟುಗಳ ಜೆಟ್ಟಿನ ಮೇಲೆ ನಂಬರು ಸರಿ ಇದ್ದರೂ ತೂತು ಸರಿ ಇರುತ್ತದೆಂಬ ಭರವಸೆ ಇಲ್ಲ, ನೀಡಲಿನ ಇಳಿಜಾರು ಎಷ್ಟೋ ಸಲ ಬೇರೆಯೇ. ಗೀರು, ಸವೆತ ಇಲ್ಲದ ಹಳೇ ಹಿತ್ತಾಳೆ ಇದ್ದರೆ ಅದನ್ನೇ ತೊಳೆದು ವಾಪಸ್ ಹಾಕಿ, ಕಿಟ್ಟಿನಿಂದ ಗ್ಯಾಸ್ಕೆಟ್, ಓ-ರಿಂಗ್ ಮಾತ್ರ ತಗೊಳ್ಳಿ.

ಜೋಡಿಸುವಾಗ ಸ್ಲೈಡಿನ ಓರೆ ಕಟ್ಟು ಏರ್ ಫಿಲ್ಟರ್ ಕಡೆಗೆ ಬರಬೇಕು. ಪಕ್ಕದ ಕಾಲುವೆ ಬಾಡಿಯೊಳಗಿನ ಮೊಳೆಗೆ ಕೂರಬೇಕು, ಕೂರದಿದ್ದರೆ ಒತ್ತಬೇಡಿ. ಕೇಬಲಿಗೆ ಹಿಡಿಯಲ್ಲಿ 2ರಿಂದ 3 ಮಿ.ಮೀ. ಸಡಿಲ ಬಿಡಿ. ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದಾಗ ಸ್ಲೋ ಸ್ಪೀಡ್ ಏರಿದರೆ ಕೇಬಲ್ ಬಿಗಿ ಇದೆ. ಆಯಿಲ್ ಪಂಪ್ ಇರುವ ಆರ್‌ಎಕ್ಸ್ 100ರಲ್ಲಿ ಎಕ್ಸಲರೇಟರ್ ಕೇಬಲ್ ಮುಟ್ಟಿದರೆ ಪಂಪಿನ ಗುರುತೂ ಮತ್ತೆ ಹೊಂದಿಸಬೇಕು, ಇದನ್ನು ಮರೆತರೆ ಹೋಗುವುದು ಪಿಸ್ಟನ್. ಎರಡು ಕಾರ್ಬೊರೇಟರಿನ ರಾಜದೂತ್ 350 ಆದರೆ ಎರಡು ಸ್ಲೈಡೂ ಒಂದೇ ಕ್ಷಣಕ್ಕೆ ಏಳುವಂತೆ ಬೆರಳಿಟ್ಟು ಹೊಂದಿಸಿ ಆಮೇಲೆ ಉಳಿದದ್ದು.

ಸೆಟ್ಟಿಂಗ್ ಮಾಡಬೇಕಾದದ್ದು ಹತ್ತು ನಿಮಿಷ ಓಡಿ ಬಿಸಿಯಾದ ಎಂಜಿನ್ನಿನಲ್ಲಿ. ಸ್ಕ್ರೂ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲು ಕಡಿಮೆ. ಎಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಗೆ ತಿರುಗಿಸಿದಷ್ಟೂ ಹೆಚ್ಚು. ಏರ್ ಸ್ಕ್ರೂವನ್ನು ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಕಾಲು ಸುತ್ತಿನಂತೆ ತಿರುಗಿಸುತ್ತಾ ಸ್ಲೋ ಸ್ಪೀಡ್ ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ನಿಲ್ಲಿಸಿ, ಸ್ಲೈಡಿನ ಸ್ಕ್ರೂ ಸಡಿಲಿಸಿ ಸ್ಪೀಡ್ ಇಳಿಸಿ, ಮತ್ತೊಮ್ಮೆ ಅದೇ ಮಾಡಿ. ಬುಲೆಟ್ಟಿಗೆ ನಿಮಿಷಕ್ಕೆ ಸುಮಾರು 1,000 ಸುತ್ತು, ಸಣ್ಣ ಟೂ ಸ್ಟ್ರೋಕಿಗೆ ಸುಮಾರು 1,300 ಸಾಕು. ಒಳ್ಳೇ ಜಾಗ ಒಂದು ಸುತ್ತಿಗಿಂತ ಒಳಗೇ ಸಿಕ್ಕರೆ ಪೈಲಟ್ ಜೆಟ್ಟು ಸಣ್ಣದಾಗಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಎರಡೂವರೆ ಮೂರು ಸುತ್ತು ದಾಟಿದರೆ ಜೆಟ್ಟು ದೊಡ್ಡದಾಗಿದೆ. ಯಾರೋ ಹಿಂದೆ ತಂತಿ ಹಾಕಿದ್ದರೆ ಸಿಕ್ಕಿಬೀಳುವುದು ಇಲ್ಲೇ.

ಮೇನ್ ಜೆಟ್ ಪರೀಕ್ಷೆಗೆ ಹಾಸನ–ಬೇಲೂರು, ಚಿಕ್ಕಮಗಳೂರು–ಕಡೂರಿನಂಥ ದಾರಿಯಲ್ಲಿ ನೇರವಾದ, ಹಿಂದೆ ಮುಂದೆ ಗಾಡಿ ಇಲ್ಲದ ತುಂಡು ಆರಿಸಿಕೊಳ್ಳಿ. ಪೂರ್ತಿ ಎಕ್ಸಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಆ ಕೂಡಲೇ ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ, ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದ ಬಿಳುಪು ಇದ್ದರೆ ಕಡಿಮೆ. ಎಥನಾಲ್ ಬೆರೆತ ಪೆಟ್ರೋಲಿಗೆ ಬಣ್ಣ ಹಿಂದಿನಷ್ಟು ಗಾಢ ಬರುವುದಿಲ್ಲ ಅನ್ನುವುದು ನೆನಪಿರಲಿ.

ನಮ್ಮ ಕಡೆಯ ಗಾಡಿಗೆ ಬೇರೆಯದೇ ಒಂದು ಲೆಕ್ಕ ಇದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಸಾವಿರ ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ 10 ಇಳಿಯುತ್ತದೆ. ಕಾರ್ಬೊರೇಟರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ, ಅದರ ಮಿಶ್ರಣದಲ್ಲಿ ಪೆಟ್ರೋಲು ಸುಮಾರು ಶೇ 5 ಹೆಚ್ಚಾಗುತ್ತದೆ. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಈ ಹೆಚ್ಚಳ ಶೇ 10ರ ಹತ್ತಿರ. ಇನ್ನೊಂದು ಕಡೆ ಎಥನಾಲ್. ಬರೀ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಶೇ 20 ಎಥನಾಲಿನ ಪೆಟ್ರೋಲಿಗೆ ಸುಮಾರು 13.5 ಸಾಕು. ಅಂದರೆ ಹಳೇ ಜೆಟ್ಟಿನಲ್ಲಿ ಈ ಪೆಟ್ರೋಲು ಸುಮಾರು ಶೇ 8 ಕಡಿಮೆ ಬಿದ್ದಂತೆ. ಎತ್ತರ ಕೂಡಿಸಿದ್ದನ್ನು ಎಥನಾಲ್ ಕಳೆಯುತ್ತದೆ. ಹಾಗಾಗಿ ಚಿಕ್ಕಮಗಳೂರಿನಲ್ಲೇ ಓಡಾಡುವ ಗಾಡಿಗೆ ಕಾರ್ಖಾನೆಯ ಜೆಟ್ಟುಗಳೇ ಬಹುಮಟ್ಟಿಗೆ ಸಾಕಾಗುತ್ತವೆ. ಗಿರಿ ಹತ್ತುವಾಗ ಎಂಜಿನ್ ಸೊರಗಿತು ಅಂತ ಮೇನ್ ಜೆಟ್ ಸಣ್ಣದು ಮಾಡಬೇಡಿ. ಅಲ್ಲಿ ಉಸಿರಾಡಲು ಗಾಳಿಯೇ ಕಡಿಮೆ, ಆ ಶಕ್ತಿ ಯಾವ ಜೆಟ್ಟಿನಿಂದಲೂ ವಾಪಸ್ ಬರುವುದಿಲ್ಲ.

ಅಪಾಯ ಇರುವುದು ಇಳಿಯುವಾಗ. ಕೊಟ್ಟಿಗೆಹಾರದಿಂದ ಚಾರ್ಮಾಡಿ, ಸಕಲೇಶಪುರದಿಂದ ಶಿರಾಡಿ ಇಳಿದು ಕರಾವಳಿಯ ತಗ್ಗಿಗೆ ಹೋದರೆ ಎತ್ತರ ಕೊಟ್ಟಿದ್ದ ಆ ಶೇ 5 ಹೋಗುತ್ತದೆ, ಎಥನಾಲ್ ಕಳೆದ ಶೇ 8 ಹಾಗೇ ಉಳಿಯುತ್ತದೆ. ತಗ್ಗಿನ ಸೆಕೆಯಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟ ಟೂ ಸ್ಟ್ರೋಕ್ ಪಿಸ್ಟನ್ ಹಿಡಿಯುವುದು ಇಂಥ ಹೊತ್ತಿನಲ್ಲೇ. ಘಾಟಿಯ ಕೆಳಗೂ ಓಡಾಡುವ ಗಾಡಿಗೆ ನೀಡಲಿನ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ ನೀಡಲ್ ಎತ್ತರಿಸಿ, ಮೇನ್ ಜೆಟ್ ಒಂದು ನಂಬರು ದೊಡ್ಡದು ಹಾಕಿ. ಮೇಲಿನ ಊರಿನಲ್ಲಿ ಪ್ಲಗ್ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಯೆಜ್ಡಿ, ಪಂಪ್ ತೆಗೆಸಿದ ಆರ್‌ಎಕ್ಸ್ ಇಂಥವಕ್ಕೆ ಇನ್ನೊಂದು ಎಚ್ಚರಿಕೆ: ಎಂಜಿನ್ನಿಗೆ ಎಣ್ಣೆ ಹೋಗುವುದು ಕಾರ್ಬೊರೇಟರಿನಿಂದಲೇ. ಗೇರಿನಲ್ಲಿ ಇಟ್ಟು ಎಕ್ಸಲರೇಟರ್ ಮುಚ್ಚಿಕೊಂಡು ಉದ್ದಕ್ಕೂ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಎಣ್ಣೆ ಮಾತ್ರ ತೊಟ್ಟು ತೊಟ್ಟು. ಪ್ರತಿ ತಿರುವು ಮುಗಿದ ಮೇಲೆ ಕ್ಲಚ್ ಹಿಡಿದು ಒಂದು ಸಲ ಎಕ್ಸಲರೇಟರ್ ಕೊಟ್ಟು ಬಿಡಿ.